ಹೈಗದ ಬೀಜ ಒಣಗಿಸಿದ ವರ್ಷ

ಮೊನ್ನೆ ಭಾನುವಾರ ನಮ್ಮ ಶಿಕಾರಿಪುರದಲ್ಲಿ ಮಳೆ ಹೊಳವಾಗಿತ್ತು. ಎಂಟು ದಿನ ಬಿಡದೆ ಹೊಯ್ದದ್ದು ಅಂದು ಬೆಳಿಗ್ಗೆ ನಿಂತು, ತಾರಸಿಯ ಮೇಲೆ ಎಳೆಬಿಸಿಲು ಬಂದು ಬಿದ್ದಿತ್ತು. ಇಂಥ ಅವಕಾಶ ಬಿಡುವವಳಲ್ಲ ನಮ್ಮವ್ವ. ಡಬ್ಬಗಳೊಳಗಿನ ಅವರೆ, ತೊಗರಿ, ಹೆಸರು ಎಲ್ಲವನ್ನೂ ಗೋಣಿಚೀಲಗಳ ಮೇಲೆ ಹರವಿ, ಕಾಗೆ ಓಡಿಸಲು ನನ್ನನ್ನು ಕೂರಿಸಿ ಕೆಳಗೆ ಹೋದಳು. ಬೆಚ್ಚಗಾದ ಗೋಣಿ ಮತ್ತು ಒಣಗುತ್ತಿರುವ ಕಾಳು, ಈ ಎರಡೂ ಸೇರಿ ಒಂದು ವಾಸನೆ ಹುಟ್ಟುತ್ತದೆ. ನೀವದನ್ನು ಬಲ್ಲಿರೋ ಇಲ್ಲವೋ. ಕಾಳಿನ ವ್ಯಾಪಾರದ ಮನೆಯಲ್ಲಿ ಬೆಳೆದ ನನಗೆ ಅದು ಮಗ್ಗಿಯಷ್ಟೇ ಹಳೆಯದು. ಬೇರೆಯವರಿಗೆ ಅದರಿಂದ ಹಸಿವಾಗಬಹುದು. ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುವುದಕ್ಕೆ ಎಂಟು ವರ್ಷ ಹಿಂದಕ್ಕೆ, ಸೊರಬದ ಕಡೆಗೆ ಹೋಗಬೇಕು. ಬಿಡುವಿದ್ದರೆ ಜೊತೆಗೆ ಬನ್ನಿ.

ನಮ್ಮ ಮನೆಯಲ್ಲಿ ಬೀಜವೆಂದರೆ ಒಣಗಿದ ವಸ್ತು. ಪೇಟೆಯಲ್ಲಿ ಅಪ್ಪನದೊಂದು ಕಾಳಿನ ಅಂಗಡಿ. ರೈತರು ಚೀಲ ತಂದು ಇಳಿಸಿದರೆ ಅಪ್ಪ ಮಾತಿಗೆ ಮೊದಲು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಕಚ್ಚುತ್ತಿದ್ದರು. ಕಟ್ ಎಂದು ಸದ್ದಾಗಬೇಕು. ಸದ್ದಾಗದೆ ಹಲ್ಲು ಮೆತ್ತಗೆ ಇಳಿದರೆ, "ಹಸಿ ಐತಿ ಗೌಡ್ರೆ, ಇನ್ನೆರಡು ಬಿಸಿಲು ತೋರಿಸ್ಕೊಂಡ್ ಬರ್ರಿ" ಎನ್ನುತ್ತಿದ್ದರು. ಆ ಮಾತಿಗೆ ಮೇಲ್ಮನವಿ ಇರಲಿಲ್ಲ. ನನಗೂ ಆರನೆಯ ವಯಸ್ಸಿಗೆ ಆ ವಿದ್ಯೆ ಬಂದಿತ್ತು. ಮುಂದೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಆದರೆ ಹಲ್ಲಿಗೆ ಬಂದ ವಿದ್ಯೆಯೇ ತಲೆಗೆ ಬಂದ ವಿದ್ಯೆಗಿಂತ ಗಟ್ಟಿ ಎಂದು ಆಮೇಲೆ ತಿಳಿಯಿತು.

ಓದು ಮುಗಿದ ವರ್ಷ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಸೊರಬದಾಚೆ ಒಂದು ಕಾನಿನ ಅಂಚಿನಲ್ಲಿರುವ ಹಸಲರ ಕೇರಿಯಲ್ಲಿ ಬೆಳಿಗ್ಗೆ ಮಕ್ಕಳಿಗೆ ಪಾಠ ಹೇಳುವುದು, ಮಧ್ಯಾಹ್ನ ಸಸಿ ಬೆಳೆಸುವುದು. ಕಾನು ಎಂದರೆ ಆ ಸೀಮೆಯಲ್ಲಿ ಸುಮ್ಮನೆ ಕಾಡಲ್ಲ, ಬೇಸಿಗೆಯಲ್ಲೂ ಎಲೆ ಉದುರಿಸದ, ಒಳಗೆ ಹೊಕ್ಕರೆ ಮಟಮಟ ಮಧ್ಯಾಹ್ನವೂ ತಂಪಾಗಿರುವ ಹಳೆಯ ಹಸಿರುಕಾಡು. ಹಸಲರು ಆ ಕಾನುಗಳಷ್ಟೇ ಹಳಬರು. ಸೀಗೆ, ಉಪ್ಪಾಗೆ, ಜೇನು, ರಾಂಪತ್ರೆ ಆಯ್ದು ಬದುಕಿದವರು, ಊರವರ ಗದ್ದೆಯಲ್ಲಿ ತಲೆಮಾರುಗಟ್ಟಲೆ ದುಡಿದವರು. "ಪಾಠ ಹೇಳೋದಾದ್ರೆ ನಮ್ಮೂರಾಗೆ ಶಾಲಿ ಇಲ್ಲೇನು? ಅಡವಿಗೆ ಹೋಗಿ ಯಾರಿಗೆ ಹೇಳ್ತೀಯವ್ವಾ?" ಎಂದಳು ಅವ್ವ. ನಾನು ಉತ್ತರ ಕೊಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡದಿರುವುದು ನನ್ನ ಹಳೆಯ ಅಭ್ಯಾಸ. ಕೇಳಬೇಕಾದ್ದನ್ನು ಕೇಳದಿರುವುದು ಅದಕ್ಕಿಂತ ಹಳೆಯದು.

ಕೇರಿಯೆಂದರೆ ಹದಿನಾಲ್ಕು ಮನೆ. ಅದರ ಎದುರಿಗೆ ಒಂದು ಬೋಳುಗುಡ್ಡ, ಗುಡ್ಡದ ಆಚೆಗೆ ಕಾನು. ಗುಡ್ಡ ಹಿಂದೆ ಕಾನೇ ಆಗಿತ್ತಂತೆ. ಯಾವ ಕಾಲದಲ್ಲೋ ಗುತ್ತಿಗೆದಾರರು ಮರ ಕಡಿದು ಸಾಗಿಸಿದ ಮೇಲೆ ಹುಲ್ಲೂ ಮುಳ್ಳೂ ಉಳಿದಿತ್ತು. ಇದನ್ನೆಲ್ಲ ಹೇಳಿದವರು ಗುತ್ಯಮ್ಮ. ಚಂದ್ರಗುತ್ತಿಯ ಅಮ್ಮನ ಹೆಸರಿಟ್ಟುಕೊಂಡ ಅರವತ್ತರ ಹೆಂಗಸು, ನನ್ನ ಭುಜಕ್ಕೆ ಬರುವಷ್ಟು ಎತ್ತರ. ಕೇರಿಯಲ್ಲಿ ಯಾವುದೇ ಮಾತು ತೀರ್ಮಾನವಾಗಬೇಕಾದರೂ ಜನ ಒಮ್ಮೆ ಅವರ ಮುಖ ನೋಡುತ್ತಿದ್ದರು.

"ನಾನು ಸಣ್ಣೋಳಿದ್ದಾಗ ಮನೆ ಬಾಗ್ಲಿಗೇ ಕಾನಿತ್ತು ಅಕ್ಕೋರೆ. ಗುಡ್ಡದ ಬುಡದಾಗೆ ಜಲ ಇತ್ತು. ಬ್ಯಾಸಗೀಲಿ ಕೊಡ ಹೊತ್ತಿದ್ದೇ ನೆನಪಿಲ್ಲ. ಮರ ಹೋತು, ಜಲಾನೂ ಹೋತು" ಎಂದು ಬಂದ ಮೊದಲ ವಾರವೇ ನನ್ನನ್ನು ಗುಡ್ಡ ಹತ್ತಿಸಿ ತೋರಿಸಿದರು. ಆ ಕಡೆ ನೀರಿನ ಒರತೆಯನ್ನು ಜಲ ಎನ್ನುತ್ತಾರೆ, ಶಾಲೆಯ ಅಧ್ಯಾಪಕಿಯನ್ನು ಅಕ್ಕೋರು ಎನ್ನುತ್ತಾರೆ. ಇಪ್ಪತ್ತಮೂರು ವರ್ಷದ ನನ್ನನ್ನು ಅರವತ್ತರ ಅವರು ಹಾಗೆ ಕರೆದಾಗ ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದೆ.

ಆ ಗುಡ್ಡದ ಮೇಲೆ ಅಕೇಶಿಯಾ ನೆಡಬೇಕೆಂಬ ಅರಣ್ಯ ಇಲಾಖೆಯ ಯೋಜನೆ ಸಿದ್ಧವಾಗಿತ್ತು. ಆಗ ಎಲ್ಲೆಲ್ಲೂ ಅಕೇಶಿಯಾದ ಕಾಲ. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಸೌದೆಗಾಗುತ್ತದೆ. ರೇಂಜರ್ ಸಾಹೇಬರು ಕೆಟ್ಟವರಲ್ಲ. ಊರಿನ ಅರಣ್ಯ ಸಮಿತಿಯ ಸಭೆಯಲ್ಲಿ ಗುತ್ಯಮ್ಮ, "ಅಕೇಶಿಯಾದ ಬುಡದಾಗೆ ಹುಲ್ಲೂ ಏಳಲ್ಲ ಸಾಯೇಬ್ರೆ. ಜಲ ಎಲ್ಲಿಂದ ಏಳ್ತದೆ? ನಮ್ಮ ಮರಾನೇ ನೆಡ್ತೀವಿ" ಎಂದಾಗ ಅವರು ತಲೆ ತೂಗಿ ಹೇಳಿದ್ದು ಇಷ್ಟು: "ನೆಡಿ, ಯಾರು ಬೇಡ ಅಂದ್ರು? ಈ ಸಲ ಗುಡ್ಡ ಖಾಲಿ ಬಿಡ್ತೀನಿ. ಒಂದು ಮಳೆಗಾಲದಲ್ಲಿ ನಿಮ್ಮ ಸಸಿ ಎದ್ದದ್ದು ತೋರಿಸಿ. ಇಲ್ಲಾಂದ್ರೆ ಮುಂದಿನ ವರ್ಷ ಅಕೇಶಿಯಾ ಗುಂಡಿ ಬೀಳ್ತದೆ." ಎಲ್ಲರೂ ನನ್ನ ಕಡೆ ನೋಡಿದರು. ಸಸಿ ಎಬ್ಬಿಸುವ ಸಂಬಳದವಳು ನಾನೇ ತಾನೆ.

ಸಸಿಯ ಮಾತಿಗೆ ಬರುವ ಮೊದಲು ಶಾಲೆಯ ಕಥೆ ಸ್ವಲ್ಪ ಹೇಳಬೇಕು. ಅದು ಸೋಗೆ ಹೊದಿಸಿದ ಚಪ್ಪರ. ಊರ ಶಾಲೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಯಾರೂ ಮಾತಾಡಿಸದೆ ಬಿಟ್ಟು ಬಂದ ಮಕ್ಕಳು. ಪುಸ್ತಕದಲ್ಲಿ ಅ ಅಂದರೆ ಅರಸ ಎಂದಿತ್ತು. ಆ ಮಕ್ಕಳು ಅರಸನನ್ನು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಆದ್ದರಿಂದ ನಾನೇ ಒಂದು ಅಕ್ಷರಮಾಲೆ ಮಾಡಲು ಹೊರಟೆ: ಉ ಉಪ್ಪಾಗೆ, ನ ನೇರಲು, ಮ ಮುರುಗಲು, ಹ ಹೈಗ. ಚಿತ್ರವನ್ನೂ ನಾನೇ ಬರೆದೆ. ಮೊದಲ ಹಾಳೆ ತೋರಿಸಿದಾಗ ಚಪ್ಪರವೆಲ್ಲ ನಕ್ಕಿತು. "ಅಕ್ಕೋರೆ, ಇದು ಉಪ್ಪಾಗೆ ಅಲ್ಲ, ಸಿಹಿಗುಂಬಳ!" ಎಂದಳು ಕಮಲ, ಗುತ್ಯಮ್ಮನ ಮೊಮ್ಮಗಳು. ಉಪ್ಪಾಗೆಯೂ ಗೆರೆಗೆರೆಯಾಗಿ ಪುಟ್ಟ ಕುಂಬಳದಂತೆಯೇ ಇರುವುದೆಂದು ವಾದಿಸಬಹುದಿತ್ತು. ವಾದಿಸದೆ ಅಳಿಸಿದೆ. ಆಮೇಲೆ ಚಿತ್ರಗಳನ್ನೆಲ್ಲ ಅವರೇ ಬರೆದರು, ಅಕ್ಷರ ಮಾತ್ರ ನನ್ನದು.

ಹಾಗೆ ನಡೆದಿದ್ದ ಶಾಲೆ ಮುರುಗಲು ಹಣ್ಣಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ಬರಿದಾಯಿತು. ಮೂರು ದಿನ ಖಾಲಿ ಚಪ್ಪರದಲ್ಲಿ ಕೂತು ಹಾಜರಿ ಪುಸ್ತಕದಲ್ಲಿ ಗೈರು, ಗೈರು, ಗೈರು ಎಂದು ಅಂದವಾಗಿ ಬರೆದೆ. ನಾಲ್ಕನೆಯ ದಿನ ಆ ಪುಸ್ತಕ ಹಿಡಿದುಕೊಂಡೇ ಗುತ್ಯಮ್ಮನ ಬಳಿ ದೂರು ಒಯ್ದೆ. ಅವರು ಬುಟ್ಟಿ ಹೆಣೆಯುತ್ತ ಕೂತಿದ್ದರು. ತಲೆ ಎತ್ತದೆ, "ಮಕ್ಕಳು ಎಲ್ಲಿಗೂ ಹೋಗಿಲ್ಲ ಅಕ್ಕೋರೆ. ಮುರುಗಲು ಆಯ್ತಾ ಕಾನಾಗೇ ಅವೆ. ಬರದೇ ಇರೋರು ನೀವು" ಎಂದರು.

ಮರುದಿನ ಹೋದೆ. ಕಾನಿನ ಬಾಯಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಒಣಗಿದ್ದೂ ಹಸಿಯೂ ಆದ ಸೊಪ್ಪಿನ ರಾಶಿ. ಒಳಗೆ ಹೋಗುವವರು ಒಂದು ಕುಡಿ ಮುರಿದು ಅಲ್ಲಿ ಹಾಕಿ ಹೋಗಬೇಕು. ನಾನೂ ಹಾಕಿದೆ, ಮತ್ತು ನೋಟು ಪುಸ್ತಕದಲ್ಲಿ "ನಂಬಿಕೆ" ಎಂಬ ತಲೆಬರಹದ ಕೆಳಗೆ ಬರೆದುಕೊಂಡೆ. ಆ ಪುಸ್ತಕ ಸದಾ ನನ್ನ ಕೈಯಲ್ಲಿರುತ್ತಿತ್ತು. ಮಾತಾಡಲು ಸಂಕೋಚವಿರುವವರಿಗೆ ಅದೊಂದು ಒಳ್ಳೆಯ ಆಸರೆ. ಬರೆಯುತ್ತಿರುವವಳ ಮೌನವನ್ನು ಯಾರೂ ಬಿಗುಮಾನ ಎನ್ನುವುದಿಲ್ಲ. ಆ ತಿಂಗಳು ನಮ್ಮ ಶಾಲೆ ಮುರುಗಲು ಮರದ ಕೆಳಗೆ ನಡೆಯಿತು. ಹಣ್ಣನ್ನು ರಾಶಿ ಮಾಡಿ ಭಾಗಾಕಾರ ಕಲಿತರು. ಒಂದು ದಿನ "ನಿಮಗೆ ಗೊತ್ತಿರುವ ಒಂದು ಮರದ ಬಗ್ಗೆ ಬರೆಯಿರಿ" ಎಂದೆ. ಹತ್ತು ಹನ್ನೆರಡು ಕಾಪಿ ಪುಸ್ತಕಗಳು ಬಂದವು. ಕೂತು ತಿದ್ದಿ ವಾಪಸು ಕೊಟ್ಟೆ.

ಅದೇ ತಿಂಗಳು ಹೈಗದ ಬೀಜ ಉದುರತೊಡಗಿತು. ನೀವು ನೋಡಿಲ್ಲದಿದ್ದರೆ ನೋಡಬೇಕು. ಒಂದೊಂದು ಬೀಜಕ್ಕೂ ಎರಡು ರೆಕ್ಕೆ. ಗಾಳಿ ಬೀಸಿದರೆ ಕೊಂಬೆಯಿಂದ ಗಿರಗಿರ ತಿರುಗುತ್ತ ಇಳಿಯುತ್ತವೆ. ಗುತ್ಯಮ್ಮ ಮತ್ತು ಕೇರಿಯ ಹೆಂಗಸರು ಹೈಗ, ಹೆಬ್ಬಲಸು, ರಾಂಪತ್ರೆ, ನೇರಲು, ಅಂಟುವಾಳ ಎಲ್ಲವನ್ನೂ ನಾನು ಹೇಳಿದಂತೆ ಬುಟ್ಟಿ ಬುಟ್ಟಿ ಆಯ್ದು ತಂದರು. ನಾನು ಒಂದೊಂದನ್ನೂ ಕೈಯಲ್ಲಿ ಹಿಡಿದು ಹೆಸರು ಕೇಳುವುದು, ಅವರು ಹೇಳುವುದು, ನಾನು ಬರೆಯುವುದು. ಆಮೇಲೆ ಅಂಗಳಕ್ಕೆ ಗೋಣಿ ಹಾಸಿ ಎಲ್ಲವನ್ನೂ ಬಿಸಿಲಿಗೆ ಹರವಿದೆ. ದಿನಕ್ಕೆ ಎರಡು ಸಲ ಕೈಯಾಡಿಸಿ ತಿರುವಿದೆ. ಸಂಜೆ ಒಂದೊಂದು ಜಾತಿಯಿಂದ ಒಂದೊಂದು ಬೀಜ ತೆಗೆದು ದವಡೆಗಿಟ್ಟು ಕಚ್ಚಿದೆ.

ಕೇರಿಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ. "ಅಕ್ಕೋರು ಇವತ್ತು ರಾಂಪತ್ರೆ ತಿಂದ್ರು!" ಎಂದು ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದವು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ಗುತ್ಯಮ್ಮ ಒಂದು ಸಂಜೆ ಬಂದು ಗೋಣಿಯ ಪಕ್ಕದಲ್ಲಿ ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕೂತು, ಒಂದು ಹೈಗದ ಬೀಜ ಎತ್ತಿ, ರೆಕ್ಕೆ ಮುರಿದು, ಮತ್ತೆ ಅಲ್ಲೇ ಇಟ್ಟರು. "ಚಂದಕೆ ಒಣಗ್ಯಾವೆ" ಎಂದರು. ನಾನದನ್ನು ಮೆಚ್ಚುಗೆ ಎಂದುಕೊಂಡೆ. ಇಪ್ಪತ್ತು ದಿನ ಬಿಟ್ಟು, ಎಲ್ಲವೂ ಕಟ್ ಎನ್ನುವಂತಾದ ಮೇಲೆ, ಡಬ್ಬಗಳಿಗೆ ತುಂಬಿ ಚೀಟಿ ಅಂಟಿಸಿದೆ. ಮೊದಲ ಮಳೆ ಬಿದ್ದ ವಾರ, ಮಣ್ಣು ತುಂಬಿದ ಕರಿ ಪ್ಲಾಸ್ಟಿಕ್ ಚೀಲಗಳ ಸಾಲಿನಲ್ಲಿ, ದಾರ ಹಿಡಿದು ನೇರ ಮಾಡಿ, ಎಲ್ಲವನ್ನೂ ಬಿತ್ತಿದೆವು.

ಅಂಟುವಾಳ ಎದ್ದಿತು. ಬೇರೆ ಏನೂ ಏಳಲಿಲ್ಲ.

ಜುಲೈ ಹೋಯಿತು, ಆಗಸ್ಟ್ ಹೋಯಿತು. ದಿನಾ ಬೆಳಿಗ್ಗೆ ಹೋಗಿ ಬಗ್ಗಿ ನೋಡುತ್ತಿದ್ದೆ. ಚೀಲಗಳಲ್ಲಿ ಹುಲ್ಲು ಎದ್ದಿತು, ಒಂದು ಸಾಲಿನಲ್ಲಿ ಅಣಬೆಯೂ ಎದ್ದಿತು. ಒಂದು ದಿನ ಯಾರೂ ಇಲ್ಲದಾಗ ಒಂದು ಚೀಲ ಕೆದಕಿ ಬೀಜ ತೆಗೆದು ಹಿಚುಕಿದೆ. ಒಳಗೆ ಕಪ್ಪು ಹಿಟ್ಟು. ಅಂಟುವಾಳದಂಥ ಗಟ್ಟಿ ಬೀಜ ಒಣಗಿದರೂ ಬದುಕುತ್ತದೆ, ಹಸಿರುಕಾಡಿನ ಎಷ್ಟೋ ಮರಗಳ ಬೀಜ ಒಣಗಿದರೆ ಸಾಯುತ್ತದೆಂದು ನಮ್ಮ ಪಾಠದಲ್ಲಿ ಒಂದು ಪ್ಯಾರಾ ಇತ್ತು. ಪರೀಕ್ಷೆಗೆ ಆ ಪ್ರಶ್ನೆ ಬಂದಿತ್ತು. ನಾನು ಬರೆದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಆ ಪ್ಯಾರಾ ಆ ದಿನ, ಆ ಚೀಲದ ಮುಂದೆ, ಮೊದಲ ಬಾರಿಗೆ ನನಗೆ ಅರ್ಥವಾಯಿತು.

ಅರ್ಥವಾದದ್ದನ್ನು ಒಪ್ಪಿಕೊಂಡೆನೇ? ಇಲ್ಲ. ಇಲ್ಲಿಯವರೆಗಿನದು ನಗುವ ವಿಷಯ, ಇದು ಅಲ್ಲ. ಸಂಸ್ಥೆಗೆ ಕಳಿಸುವ ವರದಿಯಲ್ಲಿ ಕಾರಣವೆಂಬ ಕಡೆ ನಾನು ಎರಡು ವಾಕ್ಯ ಬರೆದೆ. ಒಂದು, ಬೀಜದ ಗುಣಮಟ್ಟ ಸಮಾಧಾನಕರವಾಗಿರಲಿಲ್ಲ. ಇನ್ನೊಂದು, ಸ್ಥಳೀಯರ ಸಹಕಾರ ಸಾಲದು. ಯಾವ ಸ್ಥಳೀಯರು? ಬುಟ್ಟಿ ಹೊತ್ತು ಬೆನ್ನು ಬಾಗಿಸಿಕೊಂಡವರು, ಚೀಲಕ್ಕೆ ಮಣ್ಣು ತುಂಬಿದವರು, ದಿನಾ ನೀರು ಹಾಕಿದವರು. ಆ ವಾಕ್ಯ ಬರೆಯುವಾಗ ಅವರ ಯಾರ ಮುಖವೂ ನನ್ನ ಕಣ್ಣಿಗೆ ಬರಲಿಲ್ಲ. ವರದಿಯ ಭಾಷೆಯ ಸುಖವೇ ಅದು.

ದಸರೆ ಕಳೆದ ಮೇಲೆ ಸಮಿತಿಯ ಸಭೆ ಸೇರಿತು. ರೇಂಜರ್ ಸಾಹೇಬರು ಅಂಟುವಾಳದ ಸಾಲನ್ನೂ ಖಾಲಿ ಸಾಲುಗಳನ್ನೂ ನೋಡಿಕೊಂಡು ಬಂದು ಚಪ್ಪರದಲ್ಲಿ ಕೂತರು. ವರದಿಯ ಒಂದು ಪ್ರತಿ ಅವರಿಗೂ ಹೋಗಿತ್ತು. ನನಗೆ ಅದು ಗೊತ್ತಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಓದಿದರು. "ನೋಡ್ರಿ, ನಿಮ್ಮ ಮೇಡಮ್ಮೇ ಬರ್ದಿದಾರೆ. ಸ್ಥಳೀಯರ ಸಹಕಾರ ಸಾಲದು. ನೀವೇ ಕೈ ಜೋಡಿಸ್ಲಿಲ್ಲ ಅಂದ್ಮೇಲೆ ನಾನೇನು ಮಾಡ್ಲಿ?"

ಆ ವಾಕ್ಯ ಸುಳ್ಳು ಎಂದು ಆಗಲೇ ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಎದ್ದವರು ಗುತ್ಯಮ್ಮ.

"ಅಕ್ಕೋರು ಬರ್ದಿದ್ರಾಗೆ ಒಂದು ನಿಜ ಐತೆ ಸಾಯೇಬ್ರೆ. ನಾವು ಹೇಳ್ಬೇಕಿತ್ತು, ಹೇಳ್ಲಿಲ್ಲ. ಬೀಜ ಏಳದಿದ್ರೆ ಏನಾತು? ಕಾನಾಗೆ ತಾಯಿಮರದ ಬುಡಕ್ಕೆ ಒತ್ತಾಗಿ ಸಾವ್ರ ಮರಿ ಎದ್ದವೆ. ಅಲ್ಲಿದ್ರೆ ಬೆಳಕಿಲ್ದೆ ಸಾಯ್ತವೆ. ಮುಂದ್ಲ ಮಳೇಲಿ ಎಬ್ಬಿಸ್ಕಂಡು ಬಂದು ಗುಡ್ಡಕ್ಕೆ ನೆಡ್ತೀವಿ. ಅಕೇಶಿಯಾ ಒಂದು ಮಳೆ ತಡೀರಿ."

"ಕಾಡಿಂದ ಗಿಡ ಕೀಳೋದು ತಪ್ಪಾಗ್ತದಮ್ಮ" ಎಂದರು ರೇಂಜರ್.

"ಕೀಳೋದಲ್ಲ. ಆ ಮನೇಲಿ ಮಕ್ಕಳು ಹೆಚ್ಚಾಗ್ಯಾವೆ, ಈ ಮನೇಲಿ ತೊಟ್ಲು ಖಾಲಿ ಐತೆ."

ರೇಂಜರ್ ಸಾಹೇಬರಿಗೂ ನಗು ಬಂತು. ಬಹಳ ಹೊತ್ತಿನ ಮೇಲೆ ಅವರು ಗುಡ್ಡವನ್ನು ಎರಡು ಭಾಗ ಮಾಡಿದರು. ಮೇಲಿನ ಅರ್ಧ ಅಕೇಶಿಯಾಕ್ಕೆ, ಜಲವಿದ್ದ ಕೆಳಗಿನ ಅರ್ಧ ಕೇರಿಗೆ. ಮರಿ ಎಬ್ಬಿಸಲು ಸಮಿತಿಯ ಹೆಸರಿನಲ್ಲಿ ಒಂದು ಅರ್ಜಿ ಬೇಕು ಎಂದರು. ಬರೆಯುವವಳು ಇನ್ನಾರು? ಆ ಅರ್ಜಿಯನ್ನು ಮಾತ್ರ ನಾನು ನನ್ನ ಮಾತಿನಲ್ಲಿ ಬರೆಯಲಿಲ್ಲ. ಗುತ್ಯಮ್ಮ ಹೇಳಿದಂತೆ ಬರೆದು, ಓದಿ ಹೇಳಿ, ಅವರು "ಹೂಂ" ಎಂದ ಮೇಲೆ ಮುಂದಿನ ಸಾಲಿಗೆ ಹೋದೆ. ಪೂರ್ತಿ ಗುಡ್ಡ ಸಿಗಬೇಕಾದ ಕಡೆ ಅರ್ಧ ಸಿಕ್ಕಿತ್ತು. ಹೋದ ಅರ್ಧ ನನ್ನ ಕೈಯಿಂದ ಹೋದದ್ದು.

ಮರುದಿನ ಗುತ್ಯಮ್ಮನ ಜಗುಲಿಗೆ ಹೋಗಿ ಕೂತೆ. ಬೀಜ ಒಣಗಿಸುವುದು ತಪ್ಪೆಂದು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ್ದು ಸ್ವಲ್ಪ ದೂರಿನ ಧಾಟಿಯಲ್ಲೇ ಇತ್ತೆಂದು ಈಗ ಅನಿಸುತ್ತದೆ.

"ನೀವು ಹೆಸ್ರು ಕೇಳಿದ್ರಿ, ಹೇಳಿದ್ವಿ. ಬಿಸಿಲಿಗೆ ಹಾಕ್ಲಾ ಅಂತ ಕೇಳ್ಳಿಲ್ಲ" ಎಂದರು ಅವರು. "ನಾವು ಅದು ಆಫೀಸಿಗೆ ಕಳ್ಸೋಕೆ ಅಂದ್ಕಂಡ್ವಿ. ಚೀಟಿ ಬೇರೆ ಅಂಟ್ಸಿದ್ರಿ. ಡಬ್ಬಕ್ಕೆ ಹಾಕಿ ಚೀಟಿ ಅಂಟ್ಸಿದ್ದನ್ನ ಯಾರು ಮಣ್ಣಿಗೆ ಹಾಕ್ತಾರೆ ಅಕ್ಕೋರೆ? ಹಾಕಿದ ಮೇಲೆ, ಓದ್ದೋರಿಗೆ ಬೇರೆ ಏನೋ ಮದ್ದು ಗೊತ್ತಿರ್ಬೇಕು ಅಂದ್ಕಂಡ್ವಿ." "ಮತ್ತೆ ನೀವು ಯಾವಾಗ್ಲೂ ಬರೀತಿದ್ರಿ. ಬರೆಯೋರ ಹತ್ರ ನಾವು ಬಾಯಿ ಹಾಕಲ್ಲ. ಬರೆಯೋರು ಬಂದು ಹೋದ ಮೇಲೆ ನಮ್ದು ಒಂದೊಂದೇ ಹೋಗ್ಯದೆ" ಎಂದರು.

ಚಪ್ಪರಕ್ಕೆ ಬಂದವಳು ಅಲ್ಲೇ ಇರುತ್ತಿದ್ದ ಮಕ್ಕಳ ಕಾಪಿ ಪುಸ್ತಕಗಳನ್ನು ಜೋಡಿಸುತ್ತ ಕೂತೆ. ಕಮಲಳ ಪುಸ್ತಕ ಕೈಗೆ ಬಂತು. ಮುರುಗಲು ಮರದ ಕೆಳಗೆ ಬರೆಸಿದ ಆ ಪಾಠ. "ಹೈಗದ ಬೀಜಕ್ಕೆ ಎರಡು ರೆಕ್ಕೆ. ಗಾಳಿಗೆ ತಿರುಗುತ್ತಾ ಬೀಳುತ್ತದೆ. ಬಿದ್ದ ವಾರದಲ್ಲಿ ಮಣ್ಣು ಸಿಗಬೇಕು. ಒಣಗಿದರೆ ಸಾಯುತ್ತದೆ." ಅದರ ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಕೈಬರಹ: ಅಕ್ಷರ ದುಂಡಗಿರಲಿ.

ಓದುಗರೇ, ಒಂಬತ್ತು ವರ್ಷದ ಹುಡುಗಿ ನನಗೆ ಹೇಳಿದ್ದಳು. ನನ್ನದೇ ಭಾಷೆಯಲ್ಲಿ, ನಾನೇ ಕೇಳಿದ ಕಡೆ, ನಾನೇ ಕಲಿಸಿದ ಅಕ್ಷರದಲ್ಲಿ. ಬೀಜ ಒಣಗಲು ಹಾಕುವ ಮೊದಲೇ ಅದನ್ನು ತಿದ್ದಿಯಾಗಿತ್ತು. ನಾನು ಅವಳ ಅಕ್ಷರ ನೋಡಿದೆ, ಓದಲಿಲ್ಲ. ಇವತ್ತು ಕಾಲೇಜಿನಲ್ಲಿ ಉತ್ತರಪತ್ರಿಕೆ ಕಟ್ಟು ಬಿಚ್ಚುವಾಗಲೆಲ್ಲ ಮೊದಲ ಹಾಳೆಯ ಮುಂದೆ ಒಂದು ಕ್ಷಣ ಕೈ ನಿಲ್ಲುತ್ತದೆ. ಸಹೋದ್ಯೋಗಿಗಳು ನಾನು ಪ್ರಾರ್ಥನೆ ಮಾಡುತ್ತೇನೆ ಎಂದುಕೊಂಡಿದ್ದಾರೆ.

ಮರುವರ್ಷದ ಮಳೆಯಲ್ಲಿ ಮರಿ ಎಬ್ಬಿಸಿದೆವು. ಅದಕ್ಕೊಂದು ಕ್ರಮವಿದೆ. ಒತ್ತಾಗಿರುವ ಕಡೆ ಮಾತ್ರ ಕೈ ಹಾಕಬೇಕು, ಒಂಟಿ ಮರಿಯನ್ನು ಮುಟ್ಟಬಾರದು. ನಾಲ್ಕೆಲೆ ದಾಟಿದ್ದನ್ನು ಎಬ್ಬಿಸಿದರೆ ನಿಲ್ಲುವುದಿಲ್ಲ. ಬೆರಳಿನಿಂದ ಸುತ್ತ ಮಣ್ಣು ಸಡಿಲಿಸಿ, ಬೇರು ಗಾಳಿ ಕಾಣದಂತೆ ಮಣ್ಣಿನ ಮುದ್ದೆಯ ಸಮೇತ ಎತ್ತಿ, ಮುತ್ತುಗದ ಎಲೆಯ ದೊನ್ನೆಯಲ್ಲಿಡಬೇಕು. ಅವತ್ತು ಎಬ್ಬಿಸಿದ್ದು ಅವತ್ತೇ ನೆಲ ಸೇರಬೇಕು. ಕೇರಿಯ ಮಕ್ಕಳೆಲ್ಲ ಕಂಬಳಿಕೊಪ್ಪೆ ಹೊದ್ದು ಸಾಲಾಗಿ ಕಾನಿನಿಂದ ಗುಡ್ಡಕ್ಕೆ ಇಳಿಯುತ್ತಿದ್ದರು, ಒಂದೊಂದು ಕೈಯಲ್ಲಿ ಒಂದೊಂದು ದೊನ್ನೆ. ಆ ವಾರ ನಾನು ಹಾಜರಿ ಹಾಕಲಿಲ್ಲ. ಮೇಲಿನ ಅರ್ಧದಲ್ಲಿ ಇಲಾಖೆಯ ಕೂಲಿಗಳು ಅಕೇಶಿಯಾ ನೆಡುತ್ತಿದ್ದರು. ಕೆಳಗಿನಿಂದ ಮಕ್ಕಳು ಅವರನ್ನು, "ನಿಮ್ ಗಿಡಕ್ಕೆ ಅಮ್ಮ ಯಾರು?" ಎಂದು ಕೂಗಿ ಕೆಣಕುತ್ತಿದ್ದರು.

ಆ ವರ್ಷದ ಕೊನೆಗೆ ಶಿಕಾರಿಪುರದಲ್ಲಿ ಕಾಲೇಜಿನ ಕೆಲಸ ಸಿಕ್ಕಿ ಬಂದುಬಿಟ್ಟೆ. ಹೊರಡುವ ದಿನ ಕೇರಿಯವರು ಒಂದು ಬಾಟಲಿ ಜೇನು ಕೊಟ್ಟರು. ವರದಿಯ ಆ ವಾಕ್ಯದ ಬಗ್ಗೆ ಅವರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಮುಂದಿನ ವಾರ ಪತ್ರ ಬರೆಯುತ್ತೇನೆ ಎಂದುಕೊಂಡೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದರೆ ಅರ್ಧ ದಿನದಲ್ಲಿ ಹೋಗಿ ಬರುವ ದಾರಿ. ನನಗದು ಪ್ರತಿ ವರ್ಷ ಉದ್ದವಾಗುತ್ತ ಹೋಯಿತು.

ಮೊನ್ನೆ ತಾರಸಿಯ ಮೇಲೆ ಎಷ್ಟು ಹೊತ್ತು ಹೀಗೆ ಕೂತಿದ್ದೆನೋ. ಅವ್ವ ಮೇಲೆ ಬಂದು, "ಕಾಗಿ ಎಲ್ಲಾ ತಿಂದು ಹೋದ್ರೂ ನೋಡ್ತಾ ಕೂತೀಯಲ್ಲೇ! ಎಲ್ಲಿ ಐತಿ ನಿನ್ನ ಚಿತ್ತ?" ಎಂದಳು. "ಸೊರಬಕ್ಕೆ ಹೋಗ್ಬರ್ತೀನಿ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅವ್ವ ಯಾಕೆಂದು ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲವೆಂದು ಅವಳಿಗೆ ಅನುಭವವಿದೆ.

ಬಸ್ಸಿಳಿದು ಕೇರಿಯ ದಾರಿ ಹಿಡಿದಾಗ ಮತ್ತೆ ತೆಳ್ಳಗೆ ಮಳೆ ಹಿಡಿದಿತ್ತು. ಗುಡ್ಡದ ಕೆಳಗಿನ ಅರ್ಧ ಗುಡ್ಡದಂತೆ ಕಾಣಲೇ ಇಲ್ಲ. ಹೈಗಗಳು ನನಗಿಂತ ಒಂದಾಳು ಎತ್ತರವಾಗಿದ್ದವು. ಕೆಲವು ಕಡೆ ಮರಿ ನಿಲ್ಲದೆ ಬಯಲೂ ಇತ್ತು. ಬುಡದಲ್ಲಿ ನೀರು ಹರಿಯುತ್ತಿತ್ತು. ಅದು ಜಲವೋ ಮಳೆಯ ನೀರೋ ಬೇಸಿಗೆಯಲ್ಲಿ ಬಂದು ನೋಡಿದವರು ಹೇಳಬೇಕು. ಮೇಲಿನ ಅರ್ಧದಲ್ಲಿ ಅಕೇಶಿಯಾ ಇರಲಿಲ್ಲ. ಈ ಬೇಸಿಗೆಯಲ್ಲಿ ಕಡಿದು ಲಾರಿಗೇರಿಸಿದ್ದರು. ಕೂಳೆಗಳ ನಡುವೆ ಹೆಂಗಸರೂ ಮಕ್ಕಳೂ ಬಗ್ಗಿ ಮರಿ ನೆಡುತ್ತಿದ್ದರು. ಈಗಿನ ರೇಂಜರ್ ಆ ಅರ್ಧವನ್ನೂ ಕೇರಿಗೆ ಬಿಟ್ಟಿದ್ದಾರೆಂದು ಆಮೇಲೆ ತಿಳಿಯಿತು.

ಗುತ್ಯಮ್ಮ ಇನ್ನಷ್ಟು ಕುಗ್ಗಿದ್ದರು. ನನ್ನನ್ನು ಕಂಡು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದರು. "ಏನ್ ಅಕ್ಕೋರೆ, ದಾರಿ ಸಿಕ್ಕೋಕೆ ಇಷ್ಟು ವರ್ಷ ಬೇಕಾತಾ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು. "ಅವತ್ತು ವರದಿಯಲ್ಲಿ ನಾನು ಬರೆದಿದ್ದು ಸುಳ್ಳು ಗುತ್ಯಮ್ಮ. ನಿಮ್ಮದೇನೂ ತಪ್ಪಿರಲಿಲ್ಲ. ಅಂದೇ ಹೇಳಬೇಕಿತ್ತು" ಎಂದೆ. ಅಲ್ಲೇ, ಎಲ್ಲರ ಮುಂದೆ, ಮಳೆಯಲ್ಲಿ.

ಅವರು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು. "ಸುಳ್ಳು ಅಂತ ನಮಗೆ ಅವತ್ತೇ ಗೊತ್ತಿತ್ತು. ನಿಮಗೆ ಗೊತ್ತಾತೋ ಇಲ್ವೋ ಅನ್ನೋದೇ ಗೊತ್ತಿರ್ಲಿಲ್ಲ" ಎಂದರು. ಆಮೇಲೆ ಬುಟ್ಟಿಯನ್ನು ನನ್ನ ಕಡೆ ತಳ್ಳಿ, "ಚಪ್ಪಲಿ ಬಿಟ್ಟು ಬನ್ನಿ, ಜಾರ್ತದೆ. ಜನ ಸಾಲ್ದು" ಎಂದರು.

ಸೀರೆ ಎತ್ತಿ ಕಟ್ಟಿ ಅವರ ಪಕ್ಕದ ಸಾಲು ಹಿಡಿದೆ. ಮೊದಲ ಮರಿಯನ್ನು ಅವರು ನೋಡಿ ಹಾಗೇ ಬಿಟ್ಟರು. ಎರಡನೆಯದನ್ನು ನಾನು ನೆಟ್ಟು ಮುಗಿಸುವಷ್ಟರಲ್ಲಿ ಬಂದು, ಅದನ್ನು ಮೆಲ್ಲಗೆ ಎಬ್ಬಿಸಿ, ಒಂದು ಮೊಳ ಆಚೆಗೆ ನೆಟ್ಟು, ಪಾದದಿಂದ ಮಣ್ಣು ಅದುಮಿ ತಮ್ಮ ಸಾಲಿಗೆ ಹೊರಟರು.

"ಯಾಕೆ ಗುತ್ಯಮ್ಮ?" ಎಂದೆ.

ಅವರು ನಿಂತರು. ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿ, ಮೊದಲು ಗುಡ್ಡದ ಇಳಿಜಾರನ್ನೂ ಆಮೇಲೆ ನನ್ನ ಮುಖವನ್ನೂ ನೋಡಿ, ಹೇಳಲು ಶುರುಮಾಡಿದರು. ಹೇಳುವುದು ಬಹಳ ಇತ್ತು. ನಾನು ವಾಪಸು ಹೋಗಬೇಕಿದ್ದ ಮೂರು ಗಂಟೆಯ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರನ್ ಹಾಕಿಕೊಂಡು ಹೋಯಿತು. ನಾನು ಕೇಳುತ್ತ ನಿಂತಿದ್ದೆ.